ಪಂಪಿನ ಪೈಪು ಎಲ್ಲಿ?

ತಂಗಿ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡೋಕೆ ಕಣ್ಣು ಕೂಡಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಬೇಜಾರಾಗಬೇಡ. ಭಾನುವಾರ ನಿನ್ನ ಮಗ ಗೆಳೆಯರ ಜೊತೆ ಹುಬ್ಬಳ್ಳಿಯಿಂದ ಗದಗಕ್ಕೆ ಸೈಕಲ್ ಮೇಲೆ ಹೊರಟಿದ್ದಾನೆ, ನಡುದಾರಿಯಲ್ಲಿ ಪಂಚರ್ ಆದರೆ ಏನು ಗತಿ, ಅಂಗೈಯಷ್ಟು ಪಂಪು ತೋರಿಸಿದ್ದಾನೆ, ಅದು ಸಾಕಾ ಅಂತ ಕೇಳಿದ್ದೀಯ. ನಿನಗೆ ಹೆದರಿಕೆ ಆಗೋದು ಸಹಜ. ಆ ದಾರಿ ನನಗೆ ಗೊತ್ತು. ನಮ್ಮ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

1979ರ ಮಾರ್ಚ್. ಗದಗಿನಲ್ಲಿ ಅಕ್ಕನ ಕುಬಸ, ಅಂದರೆ ಸೀಮಂತ. ಸೀರೆ, ಹಸಿರು ಬಳೆ ಎಲ್ಲ ಚೀಲದಲ್ಲಿ ಹಾಕಿ, ಹ್ಯಾಂಡಲ್‌ಗೆ ತೂಗಿಸಿ, ನಮ್ಮಪ್ಪ ನನ್ನನ್ನೇ ಕಳಿಸಿದ. ಹನ್ನೆರಡರೊಳಗೆ ಮುಟ್ಟಬೇಕು ಅಂದಿದ್ದ. ಅಣ್ಣಿಗೇರಿ ದಾಟಿದೆ ನೋಡು, ಹಿಂದಿನ ಗಾಲಿ ಪುಸ್ ಅಂತು. ಜಾಲಿ ಮುಳ್ಳು. ಜೋಳ ಕಟಾವಾಗಿ ಎರೆ ಹೊಲ ಬಯಲೋ ಬಯಲು. ಒಂದು ಗಿಡದ ನೆರಳಿಲ್ಲ.

ನಾನು ಹೆದರಲಿಲ್ಲ. ಸೊಲ್ಯೂಷನ್ ಇತ್ತು, ರಬ್ಬರ್ ತುಂಡು ಇತ್ತು, ಉಜ್ಜೋಕೆ ಕಾಗದ ಇತ್ತು. ಮುಳ್ಳು ಅಲ್ಲೇ ಚುಚ್ಚಿಕೊಂಡಿದ್ದರಿಂದ ತೂತು ಹುಡುಕೋ ಕಷ್ಟವೂ ಬರಲಿಲ್ಲ. ರಸ್ತೆ ಮಗ್ಗುಲಲ್ಲಿ ಕೂತು ಪಂಚರ್ ಹಚ್ಚಿದೆ. ನಾನೇ ಹೇಳಬಾರದು, ಅಂಥಾ ಪಂಚರ್ ಅಂಗಡಿಯವನೂ ಹಚ್ಚಲ್ಲ. ಟೈರು ಕೂಡಿಸಿದೆ. ಫ್ರೇಮಿಗೆ ಸಿಕ್ಕಿಸಿದ್ದ ಉದ್ದನೆ ಪಂಪು ತೆಗೆದೆ. ತುದಿಗೆ ತಿರುಗಿಸಿ ಹಾಕುವ ಗೇಣುದ್ದ ಪೈಪು ಇರುತ್ತಲ್ವಾ, ಹಿಡಿಕೆಯೊಳಗೆ ಇಡೋದು? ಇಲ್ಲ. ಖಾಲಿ. ಪಂಪಿದೆ, ಪಂಚರ್ ಸರಿಯಾಗಿದೆ, ಹವಾ ಒಳಗೆ ಹೋಗೋಕೆ ದಾರಿಯೇ ಇಲ್ಲ!

ಹುಲಕೋಟಿ ತನಕ ತಳ್ಳಿಕೊಂಡು ಹೋದೆ. ಎರಡು ತಾಸಿಗೂ ಜಾಸ್ತಿ. ಅಂಗಡಿಯವನು ಹತ್ತು ಪೈಸೆಗೆ ಹವಾ ಹೊಡೆದು, ಪಂಚರ್ ನೋಡಿ, ಚಲೋ ಹಚ್ಚಿದ್ದೀಯಲ್ಲ ತಮ್ಮಾ ಅಂದ. ಅಳು ಬಂತು. ಗದಗ ಮುಟ್ಟೋ ಹೊತ್ತಿಗೆ ಅಕ್ಕನಿಗೆ ಆರತಿ ಮುಗಿದು, ಊಟದ ಎಲೆ ಎತ್ತುತ್ತಿದ್ದರು. ಯಾರದೋ ಸೀರೆ ಉಡಿಸಿ ಕೂಡಿಸಿದ್ದರು. ಅಕ್ಕ ಇವತ್ತಿಗೂ ಆ ಮಾತು ಎತ್ತುತ್ತಾಳೆ.

ಅದಕ್ಕೇ ಹೇಳುತ್ತೇನೆ: ಮನೆಯಲ್ಲಿ ಒಮ್ಮೆ ಹವಾ ಹೊಡೆದು ನೋಡದ ಪಂಪನ್ನು ದಾರಿಗೆ ಒಯ್ಯಬಾರದು. ಎಷ್ಟೇ ದುಬಾರಿ ಇರಲಿ.

ಪೈಪು ಎಲ್ಲಿ ಹೋಗಿತ್ತು ಕೇಳು. ನಿಮ್ಮ ಕಾಕಾ, ಅದೇ ನನ್ನ ತಮ್ಮ! ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ಫುಟ್‌ಬಾಲ್ ಬ್ಲಾಡರ್‌ಗೆ ಹವಾ ಹಾಕೋಕೆ ಪೈಪು ಬಿಚ್ಚಿಕೊಂಡಿದ್ದಾನೆ. ಆಮೇಲೆ ಪಂಪನ್ನು ಮಾತ್ರ ನೀಟಾಗಿ ಫ್ರೇಮಿಗೆ ಸಿಕ್ಕಿಸಿಟ್ಟಿದ್ದಾನೆ. ಬೈದಿದ್ದು ಯಾರಿಗೆ? ನನಗೆ. ಅವನು ಸಣ್ಣವನಂತೆ. ಆಗಿನಿಂದ ಅವನ ಚಟ ಅದೇ. ನನ್ನ ಪಾನಾ ಸೆಟ್ಟು ಒಯ್ದ, ಎರಡು ಕಡಿಮೆಯಾಗಿ ಬಂತು. ನನ್ನ ನಿಚ್ಚಣಿಕೆ ಎರಡು ವರ್ಷದಿಂದ ಅವನ ಮಾಳಿಗೆ ಮೇಲಿದೆ. ಕೇಳಿದರೆ, ಅಣ್ಣಾ ಈ ವಯಸ್ಸಿನಲ್ಲಿ ನೀನು ನಿಚ್ಚಣಿಕೆ ಏರಬೇಡ ಅನ್ನುತ್ತಾನೆ. ಏರೋದು ಬಿಡೋದು ನನ್ನ ಇಷ್ಟ ಅಲ್ವಾ? ನಿಮ್ಮ ದೊಡ್ಡವ್ವ ಒಳಗಿನಿಂದ ಕೂಗುತ್ತಿದ್ದಾಳೆ, ಪಂಪಿನ ವಿಷಯ ಹೇಳಿ ಮುಗಿಸಿ ಅಂತ. ಹೌದು ಹೌದು.

ಪಂಪು. ಮೊದಲು ಅವನ ಸೈಕಲ್ಲಿನ ವಾಲ್ ನೋಡು, ತಂಗಿ, ಗಾಲಿಗೆ ಹವಾ ಹೊಡೆಯೋ ಬಾಯಿ. ದಪ್ಪ ಇದ್ದರೆ ಮೋಟರ್ ಸೈಕಲ್ಲಿಗೆ ಇರೋದೇ ಅದು, ಶ್ರೇಡರ್ ಅನ್ನುತ್ತಾರೆ. ತೆಳ್ಳಗೆ ಪೆನ್ಸಿಲ್ ಹಾಗಿದ್ದು ತಲೆಯಲ್ಲಿ ಪುಟ್ಟ ನಟ್ಟು ಇದ್ದರೆ ಪ್ರೆಸ್ಟಾ. ಆ ನಟ್ಟು ಸಡಿಲ ಮಾಡದಿದ್ದರೆ ಹವಾ ಒಳಗೇ ಹೋಗಲ್ಲ. ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಹಾಗೇ ಕೂಡೋದೂ ಇಲ್ಲ, ಬಂಕ್ ನೆಚ್ಚಿಕೊಂಡು ಹೋಗಬೇಡ ಅನ್ನು. ಎರಡಕ್ಕೂ ಆಗುವ ಪಂಪು ಸಿಗುತ್ತದೆ. ಕೆಲವದರಲ್ಲಿ ಒಳಗಿನ ರಬ್ಬರನ್ನು ತಿರುಗಿಸಿ ಹಾಕಬೇಕು, ಅದನ್ನು ಅವನು ಮನೆಯಲ್ಲೇ ಕಲಿಯಲಿ.

ಅಂಗೈಯಷ್ಟು ಪಂಪು ಕೆಲಸ ಮಾಡುತ್ತದೆ, ಆದರೆ ತೋಳು ಬಿದ್ದು ಹೋಗುತ್ತದೆ. ಅಗಲ ಟೈರಿಗೆ ಎರಡು-ಮೂರು ನೂರು ಸಲ ಒತ್ತಬೇಕು. ಅಗಲ ಟೈರಾದರೆ ಸ್ವಲ್ಪ ದಪ್ಪ ಕೊಳವೆಯದು ತಗೋ, ಒಂದೊಂದು ಸಲಕ್ಕೂ ಹವಾ ಜಾಸ್ತಿ ಹೋಗುತ್ತದೆ. ತೆಳ್ಳನೆ ಟೈರಿನ ರೇಸ್ ಸೈಕಲ್ಲಾದರೆ ಹವಾದ ಒತ್ತಡ ಸಾಮಾನ್ಯವಾಗಿ 80 ಪಿಎಸ್‌ಐ ಮೇಲೆ ಬೇಕು, ಅದಕ್ಕೆ ತೆಳ್ಳನೆ ಕೊಳವೆಯದೇ ಹಗುರ. ಎಷ್ಟರ ತನಕ ಹೊಡೀಬಹುದು ಅಂತ ಟೈರಿನ ಮಗ್ಗುಲಿಗೇ ಬರೆದಿರುತ್ತದೆ. ಯಾವುದೇ ಆಗಲಿ, ಚಿಕ್ಕ ಪೈಪು ಇರೋದನ್ನೇ ತಗೋ. ಪೈಪಿಲ್ಲದ್ದನ್ನು ನೇರ ವಾಲಿಗೆ ಸಿಕ್ಕಿಸಿ ಜಗ್ಗಾಡಿದರೆ ವಾಲಿನ ಬುಡವೇ ಕಿತ್ತು ಬರಬಹುದು.

ಟೈರು ತುಂಬೋ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್, ಹೆಬ್ಬೆರಳಷ್ಟು ಇರುತ್ತದಲ್ಲ, ಅದು ಕ್ಷಣದಲ್ಲಿ ತುಂಬುತ್ತದೆ. ಆದರೆ ಒಂದು ಸಿಲಿಂಡರ್ ಒಂದೇ ಸಲಕ್ಕೆ, ಕೈತಪ್ಪಿದರೆ ಮುಗೀತು. ಆ ಗ್ಯಾಸು ರಬ್ಬರಿನಲ್ಲಿ ಬೇಗ ಜಿನುಗಿ ಹೋಗುತ್ತದೆ, ಮರುದಿನ ಮತ್ತೆ ಹವಾ ಹೊಡೀಬೇಕು. ಚಾರ್ಜ್ ಮಾಡೋ ಪಂಪು ಬೇಡವೇ ಬೇಡ. ನಿನ್ನ ಮಗ ಫೋನೇ ಚಾರ್ಜ್ ಮಾಡಲ್ಲ.

ಶನಿವಾರ ಸಂಜೆ ಅವನ ಮುಂದಿನ ಗಾಲಿಯ ಹವಾ ನೀನೇ ಪೂರ್ತಿ ಬಿಡು. ಹೊಸ ಪಂಪಿನಲ್ಲಿ ಅವನೇ ತುಂಬಲಿ. ಮತ್ತೆ ಹೇಳುತ್ತೇನೆ, ಮನೆಯಲ್ಲಿ ಹೊಡೆದು ನೋಡದ ಪಂಪು ಒಯ್ಯಬಾರದು. ಜೊತೆಗೆ ಒಂದು ಟ್ಯೂಬು, ಪಂಚರ್ ಸಾಮಾನು, ಟೈರು ಬಿಚ್ಚೋ ಪಟ್ಟಿ ಎರಡು. ನಾಲ್ಕು ಹುಡುಗರು ಹೋದರೆ ನಾಲ್ವರ ಹತ್ತಿರವೂ ಪಂಪು ಬೇಡ, ಆದರೆ ಎಲ್ಲರ ವಾಲೂ ಒಂದೇ ಜಾತಿಯದಾ ನೋಡಿಕೊಳ್ಳಲಿ.

ಈಗ ಹೋಗಿ ಆ ವಾಲಿನ ಟೋಪಿ ತೆಗೆದು ಒಂದು ಫೋಟೋ ಗ್ರೂಪಿಗೆ ಹಾಕು, ಯಾವ ಪಂಪು ಅಂತ ನೋಡಿ ಹೇಳುತ್ತೇನೆ. ಕಾಕಾನ ಹತ್ತಿರ ಪಂಪು ಇದೆ ಅಂದರೆ ಮಾತ್ರ ಬೇಡ ಅನ್ನು.