ಹಳೇ ಕಾರಿನ ಫ್ಯಾಕ್ಟರಿ ಗುರುತು ಮತ್ತೆ ಹಾಕುವುದು ಹೇಗೆ?

ಪ್ರಶ್ನೆ: ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದ ದಂಡ) ಜಿಡ್ಡು ಕೆರೆಯುವಾಗ ಅಡಿಯಲ್ಲಿ ಹಳದಿ ಪಟ್ಟಿ ಕಂಡಿದೆ. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೇಲೆ ಕ್ರೇಯಾನ್ ಅಂಕಿಯೂ ಇದೆ. ಕಾರು ಜೋಡಿಸುವಾಗ ಫ್ಯಾಕ್ಟರಿಯಲ್ಲಿ ಹಾಕಿದ ಈ ಗುರುತುಗಳನ್ನು ಮತ್ತೆ ಹಾಕಿ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಬಹುದಾ?

ಉತ್ತರ 1: ಮೊದಲು ಕೆರೆಯೋದು ನಿಲ್ಲಿಸಿ. ತಿನ್ನರ್, ವೈರ್ ಬ್ರಷ್ ಎರಡೂ ಬೇಡ. ಪಟ್ಟಿಗೆ ಸೀಮೆಎಣ್ಣೆ ಬಟ್ಟೆ ಸಾಕು. ಕ್ರೇಯಾನ್ ಮೇಣವಾದ್ದರಿಂದ ಅದರಲ್ಲಿ ಕರಗುತ್ತೆ, ಅಲ್ಲಿ ಸೋಪು ನೀರು ಮಾತ್ರ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಪಾರದರ್ಶಕ ಹಾಳೆಯಲ್ಲಿ ಅಚ್ಚು ತೆಗೆದು, ಹತ್ತಿರದ ವೆಲ್ಡ್ ಅಥವಾ ಬೋಲ್ಟ್ ತೂತಿನಿಂದ ದೂರ ಬರೆದುಕೊಳ್ಳಿ.

ಉತ್ತರ 2: ಪಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಡಿ, ಅಂಚು ಚೂಪಾಗಿ ನಕಲಿ ಅಂತ ದೂರದಿಂದಲೇ ಗೊತ್ತಾಗುತ್ತೆ. ಶಾಫ್ಟನ್ನು ಎರಡು ವಿ-ಬ್ಲಾಕ್ (V ಆಕಾರದ ತೋಡಿರುವ ಆಸರೆ) ಮೇಲಿಟ್ಟು ಒಬ್ಬರು ತಿರುಗಿಸಲಿ, ಇನ್ನೊಬ್ಬರು ಎನಾಮೆಲ್ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಅಲುಗಿಸದೆ ಹಿಡಿಯಲಿ. ಪಟ್ಟಿಯ ಎರಡು ತುದಿ ಸ್ವಲ್ಪ ಒಂದರ ಮೇಲೊಂದು ಬರಲಿ. ಕ್ರೇಯಾನ್ ಮೇಲೆ ಕ್ಲಿಯರ್ ಬೇಡವೇ ಬೇಡ: ಮೇಣಕ್ಕೆ ಅದು ಅಂಟದೆ ಗುಳಿ ಬೀಳುತ್ತೆ, ಆಮೇಲೆ ಸಿಪ್ಪೆ ಏಳುತ್ತೆ. ಮ್ಯಾಟ್ (ಹೊಳಪಿಲ್ಲದ) ಕ್ಲಿಯರ್ ಮೊದಲು, ಪೂರ್ತಿ ಒಣಗಿದ ಮೇಲೆ ಕ್ರೇಯಾನ್.

ಉತ್ತರ 3: ನಟ್ಟುಗಳ ಮೇಲಿನ ಬಣ್ಣದ ಚುಕ್ಕಿಯನ್ನು ಟಾರ್ಕ್ ಕೊಟ್ಟ (ನಿಗದಿತ ಬಲಕ್ಕೆ ಬಿಗಿದ) ಮೇಲಷ್ಟೇ ಇಡಿ. ಸಸ್ಪೆನ್ಷನ್ ರಬ್ಬರ್ ಬುಷ್ಷಿನ (ಕೀಲುಗಳಲ್ಲಿರುವ ರಬ್ಬರ್ ಬಳೆ) ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತಾಗ ಕೊನೆಯದಾಗಿ ಬಿಗಿಯುವುದರಿಂದ, ಬೆಂಚ್ ಮೇಲೆ ಗುರುತು ಹಾಕಿದರೆ ಆಮೇಲೆ ಅದು ಜಾಗ ತಪ್ಪುತ್ತೆ. ಚಾಸಿಸ್ ನಂಬರ್ ಮಾತ್ರ ನೀವಾಗಿ ಕೆತ್ತಲು ಹೋಗಬೇಡಿ, ಅದು ಕಾನೂನಿನ ವಿಷಯ.