ಪದಚರ್ಚೆ: ಹಕ್ಕಿ ನೋಡುವ ಮರೆಗೆ ನೆಡುವ ಕೋಲು: ಗಳವೋ, ಕವೆಗೋಲೋ? ಆ ಮರೆ 'ಮರಸು' ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಶಾಲೆಯ ಮಕ್ಕಳಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆರೆ ದಂಡೆಯಲ್ಲೋ ಗದ್ದೆ ಅಂಚಿನಲ್ಲೋ ಹಕ್ಕಿಗಳ ಕಣ್ಣಿಗೆ ಬೀಳದಂತೆ ಕೂತು ನೋಡಲು ಒಂದು ಮರೆ ಬೇಕು. ಅದಕ್ಕೆ ನೆಡುವ ಕೋಲುಗಳನ್ನು ಹೆಚ್ಚು ಖರ್ಚಿಲ್ಲದೆ ಮನೆಯಲ್ಲೇ ಹೇಗೆ ಮಾಡಿಕೊಳ್ಳಬಹುದು ಎನ್ನುವುದು ವಿಷಯ. ಮಾಡುವುದು ಕಷ್ಟವಲ್ಲ, ಹೆಸರು ಹೇಳುವುದರಲ್ಲಿ ಬರಹ ನಿಂತುಬಿಟ್ಟಿದೆ. ಮಕ್ಕಳು ಅಜ್ಜನ ಹತ್ತಿರ, ಮೇದಾರರ ಹತ್ತಿರ, ವೆಲ್ಡಿಂಗ್ ಅಂಗಡಿಯವರ ಹತ್ತಿರ ಕೇಳಿ ಮಾಡಿಸಿಕೊಳ್ಳಬೇಕಾದ ವಸ್ತು ಇದು. ಪುಸ್ತಕದಲ್ಲಿ ಮಾತ್ರ ಇರುವ ಪದ ಕೊಟ್ಟರೆ ಪ್ರಯೋಜನವಿಲ್ಲ. ಬಾಯಿಬಿಟ್ಟು ಕೇಳಿದರೆ ಎದುರಿನವರಿಗೆ ತಿಳಿಯಬೇಕು.

ವಸ್ತು ಯಾವುದೆಂದು ಮೊದಲು ಹೇಳುತ್ತೇನೆ. ಇಂಗ್ಲೆಂಡಿನ ಹೊಲಗಳಲ್ಲಿ ಕಾಳಿನ ಬೆಳೆಗೆ, ಎಣ್ಣೆಬೀಜದ ಎಳೆಸೊಪ್ಪಿಗೆ ಕಾಡುಪಾರಿವಾಳಗಳು ಹಿಂಡುಹಿಂಡಾಗಿ ಬೀಳುತ್ತವೆ. ಅವನ್ನು ಕೋವಿಯಲ್ಲಿ ಹೊಡೆಯುವವರು ಬೇಲಿಯ ಪಕ್ಕ ನಾಲ್ಕೈದು ಕೋಲು ನೆಟ್ಟು, ಸುತ್ತ ಎಲೆಬಣ್ಣದ ಬಲೆ ಇಳಿಬಿಟ್ಟು ಒಳಗೆ ಕೂರುತ್ತಾರೆ. ಕೋಲಿನ ತುದಿಯಲ್ಲಿ ಬಲೆ ಸಿಕ್ಕಿಸಲು ಕವಲು, ಬುಡದಲ್ಲಿ ಮೊನೆ, ಮೊನೆಗಿಂತ ಸ್ವಲ್ಪ ಮೇಲೆ ಕಾಲಿನಲ್ಲಿ ಒತ್ತಲು ಒಂದು ಅಡ್ಡಪಟ್ಟಿ. ಎತ್ತರ ಹೆಚ್ಚುಕಡಿಮೆ ಮಾಡಲು ಒಂದರೊಳಗೊಂದು ಜಾರುವ ಎರಡು ಕೊಳವೆ. ಅಂಗಡಿಯಲ್ಲಿ ಸಿಗುತ್ತದೆ. ದುಡ್ಡು ಉಳಿಸುವವರು ಹಳೆಯ ಪೈಪು, ಗಿಡಗಳಿಗೆ ಆಸರೆ ಕೊಡುವ ಬಿದಿರಕಡ್ಡಿ, ಹೇಜಲ್ ಗಿಡದ ಕೊಂಬೆ ಇಂಥವುಗಳಿಂದ ತಾವೇ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಆಗಿರಬೇಕಾದದ್ದೂ ಅದೇ. ಮರೆ ಮಾತ್ರ ನಮಗೂ ಬೇಕು. ಒಳಗೆ ಕೂರುವವರ ಕೈಯಲ್ಲಿ ಕೋವಿ ಬದಲು ಬೈನಾಕ್ಯುಲರ್ ಇರುತ್ತದೆ, ಅಷ್ಟೇ.

ಮೊದಲ ಪ್ರಶ್ನೆ ಮರೆಯದ್ದು. ಫೋಟೋ ತೆಗೆಯುವ ಹುಡುಗರೆಲ್ಲ 'ಹೈಡ್' ಅನ್ನುತ್ತಾರೆ. ಪಕ್ಷಿಧಾಮಗಳ ಫಲಕದಲ್ಲಿ 'ವೀಕ್ಷಣಾ ಗೋಪುರ' ಎಂದಿರುತ್ತದೆ, ಆದರೆ ಅದು ಬೇರೆಯೇ ಸಂಗತಿ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳನ್ನು ಮೇಲಿಂದ ನೋಡುವವರು ಅಡಗಿರುವುದಿಲ್ಲ, ಹಕ್ಕಿಗೆ ಕಾಣುತ್ತಲೇ ಇರುತ್ತಾರೆ. 'ಮಚಾನು' ಹಿಂದಿಯಿಂದ ಶಿಕಾರಿ ಕಥೆಗಳ ಮೂಲಕ ಬಂದದ್ದು, ಮರದ ಮೇಲಿನದ್ದು. 'ಅಟ್ಟಣೆ', 'ಮಂಚಿಕೆ' ಕೂಡ ಎತ್ತರದಲ್ಲಿ ಕಟ್ಟುವಂಥವೇ. ನಮ್ಮ ಕಡೆ ಹಂದಿ ಕಾಯಲು ಗದ್ದೆಯಲ್ಲಿ ಹಾಕುತ್ತಿದ್ದ 'ಮಾಳ' ತುಂಬಾ ಒಳ್ಳೆಯ ಪದ. ಆದರೆ ಮಾಳದಲ್ಲಿ ಕೂತವನು ಕೂಗು ಹಾಕುತ್ತಾನೆ, ಡಬ್ಬ ಬಡಿಯುತ್ತಾನೆ, ಬೆಂಕಿ ಹಾಕುತ್ತಾನೆ. ತಾನು ಇದ್ದೇನೆಂದು ಪ್ರಾಣಿಗೆ ತಿಳಿಸುವುದೇ ಅವನ ಕೆಲಸ. ಇನ್ನು ಬಯಲುಸೀಮೆಯವರಿಗೆ ಮಾಳ ಎಂದರೆ ಗೋಮಾಳ ನೆನಪಾಗುತ್ತದೆ. 'ಹೊಂಚು' ಅರ್ಥಕ್ಕೆ ಹತ್ತಿರ, ಆದರೆ ಹೊಂಚು ಹಾಕುವವನ ಮನಸ್ಸಿನಲ್ಲಿ ಕೇಡಿದೆ. ಮಕ್ಕಳ ಪುಸ್ತಕದಲ್ಲಿ ಹಕ್ಕಿಗೆ ಹೊಂಚು ಹಾಕಿ ಎಂದು ಬರೆಯಲು ನನಗೆ ಮನಸ್ಸಿಲ್ಲ.

ಉಳಿಯುವುದು 'ಮರಸು'. ಮಲೆನಾಡಿನ ಹಳೆಯ ಶಿಕಾರಿ ಮಾತು ಕೇಳಿದವರಿಗೆ ಇದು ಗೊತ್ತಿರುತ್ತದೆ. ಹಣ್ಣು ಬಿಟ್ಟ ಮರದ ಹತ್ತಿರ, ನೀರಿನ ಹೊಂಡದ ಹತ್ತಿರ, ಪ್ರಾಣಿ ತಾನಾಗಿ ಬರುವ ಜಾಗದಲ್ಲಿ ಸದ್ದಿಲ್ಲದೆ ಕಾಯುವುದು 'ಮರಸು ಕೂರುವುದು'. ಇದನ್ನು 'ಬಿಲ್ಲಿಗೆ ಕೂರುವುದು' ಎನ್ನುವುದರ ಜೊತೆ ಬೆರೆಸಬಾರದು. ಹಳು ಸೋಯುವವರು, ಅಂದರೆ ಪೊದೆಕಾಡು ಜಾಲಾಡುವವರು, ಗದ್ದಲವೆಬ್ಬಿಸಿ ಪ್ರಾಣಿಯನ್ನು ಓಡಿಸಿಕೊಂಡು ಬರುವಾಗ ಅದು ಹಾಯುವ ದಾರಿಯಲ್ಲಿ ಕೋವಿ ಹಿಡಿದು ನಿಲ್ಲುವ ಜಾಗ ಬಿಲ್ಲು. ಕೋವಿ ಬಂದಮೇಲೂ ಬಿಲ್ಲಿನ ಹೆಸರು ಹಾಗೇ ಉಳಿದುಕೊಂಡಿತು. ಪಕ್ಕದ ಮನೆಯ ಹಿರಿಯರೊಬ್ಬರು ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ತಡೆದರು: "ಬಿಲ್ಲಿಗೆ ಕೂರೋದೇ ಬೇರೆ, ಮರಸು ಕೂರೋದೇ ಬೇರೆ ಮಾರಾಯ. ಬಿಲ್ಲಲ್ಲಿ ಅದನ್ನ ಅಟ್ಟಿಕೊಂಡು ಬರ್ತಾರೆ. ಮರಸಿನಲ್ಲಿ ಅದರ ಪಾಡಿಗೆ ಅದು ಬರಬೇಕು." ಹಕ್ಕಿ ನೋಡುವವರ ಕೆಲಸಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಲ್ಲಿ ಒಂದು ತಕರಾರಿದೆ. 'ಮರಸು ಅಂದರೆ ಮರದ ಮೇಲೆ ಕೂರುವುದು, ಅದು ಮರ ಶಬ್ದದಿಂದ ಬಂದದ್ದು, ನೆಲದ ಮೇಲಿನ ಮರೆಗೆ ಹೊಂದುವುದಿಲ್ಲ' ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಶಿಕಾರಿಯವರು ಹೆಚ್ಚಾಗಿ ಮರ ಹತ್ತಿ ಕೂರುತ್ತಿದ್ದರಿಂದ ಹಾಗನ್ನಿಸುವುದು ಸಹಜ. ಆದರೆ ಹಳಗನ್ನಡದ ಬರಹ ಈ ವಾದವನ್ನು ಒಪ್ಪುವುದಿಲ್ಲ. 'ಮರ'ದಲ್ಲಿರುವುದು ಸಾದಾ ರಕಾರ. 'ಮಱೆ'ಯಲ್ಲಿರುವುದು ಶಕಟರೇಫ, ಅಂದರೆ ಹಳಗನ್ನಡದಲ್ಲಿ ಬೇರೆಯಾಗಿ ಬರೆಯುತ್ತಿದ್ದ ಱ ಅಕ್ಷರ. ಹೊಸಗನ್ನಡದಲ್ಲಿ ಎರಡೂ ಒಂದೇ ಅಕ್ಷರವಾಗಿ ಬೆರೆತುಹೋದವು, ಹಾಗಾಗಿ ನಮಗೆ ವ್ಯತ್ಯಾಸ ಕಾಣುವುದಿಲ್ಲ. ತಮಿಳರು ಇವತ್ತಿಗೂ 'ಮರಂ' ಎಂಬುದನ್ನು ಒಂದು ಅಕ್ಷರದಲ್ಲಿ, ಅಡಗು ಎಂಬರ್ಥದ 'ಮಱೈ' ಎಂಬುದನ್ನು ಇನ್ನೊಂದು ಅಕ್ಷರದಲ್ಲಿ ಬರೆಯುತ್ತಾರೆ. ಮರೆಮಾಡು ಎಂಬರ್ಥದ 'ಮಱಸು' ಈ ಎರಡನೆಯ ಬಳಗದ್ದು. ಹಾಗಾಗಿ ಮರಸು ಎಂದರೆ ಅಡಗುವುದು, ಅಡಗುವ ತಾಣ. ಅದು ಮರದ ಮೇಲಿರಲಿ, ನೆಲದ ಮೇಲಿರಲಿ. ಅದೇ ಹಿರಿಯರು ಹೊಂಡದ ಪಕ್ಕ ಸೊಪ್ಪಿನ ತಡಿಕೆ ಕಟ್ಟಿ ಕೂರುವುದಕ್ಕೂ ಮರಸು ಎಂದೇ ಅಂದರು. ತಡಿಕೆ ಎಂಬ ಈ ಮಾತನ್ನೂ ನಾನು ಬಿಡದೆ ತೆಗೆದುಕೊಂಡಿದ್ದೇನೆ. ಬಲೆಯೋ, ಹಸಿರು ಶೇಡ್ ನೆಟ್ಟೋ, ಅಡಿಕೆ ಸೋಗೆಯೋ, ಸುತ್ತಲೂ ನಿಲ್ಲಿಸುವ ಮರೆಗೆಲ್ಲ ಅದು ಸಲ್ಲುತ್ತದೆ.

ಬೇಟೆಯ ಪದವನ್ನು ಹಕ್ಕಿ ನೋಡುವುದಕ್ಕೆ ತರುವುದು ಸರಿಯೇ ಎಂದು ಕೇಳಬಹುದು. ನನಗೆ ಸರಿ ಎನ್ನಿಸುತ್ತದೆ. ಬೇಟೆ ನಿಲ್ಲಬೇಕು. ಆದರೆ ಬೇಟೆಯವರು ಕಾಡನ್ನು ನೋಡಿ ಕಲಿತದ್ದೆಲ್ಲ ಆ ಮಾತುಗಳಲ್ಲಿದೆ, ಅದೂ ಜೊತೆಗೇ ಹೋಗಬೇಕಾಗಿಲ್ಲ. ಎಲ್ಲವನ್ನೂ ತರಲಾಗುವುದಿಲ್ಲ, ನಿಜ. ಇಂಗ್ಲೆಂಡಿನವರು ಮರೆಯ ಮುಂದೆ ಇಡುವ ಬೊಂಬೆ ಪಾರಿವಾಳಕ್ಕೆ ಹಳಗನ್ನಡದಲ್ಲಿ 'ದೀವ' ಎಂಬ ಹತ್ತಿರದ ಮಾತಿದೆ. ಕಾಡಿನ ಮಿಗವನ್ನು ಸೆಳೆಯಲು ಬಿಡುವ ಸಾಕಿದ ಮಿಗ ದೀವದ ಮಿಗ. ಆದರೆ ಸಾಗರ, ಸೊರಬದ ಮಕ್ಕಳಿಗೆ ದೀವರು ಎಂದರೆ ಒಂದು ಸಮುದಾಯದ ಹೆಸರು. ಅಲ್ಲಿ ಈ ಪದ ಸುಮ್ಮನೆ ಗೊಂದಲ ಹುಟ್ಟಿಸುತ್ತದೆ, ನಮಗೆ ಆ ವಸ್ತುವಿನ ಅಗತ್ಯವೂ ಇಲ್ಲ.

ಈಗ ಕೋಲು. ಇದೇ ನನ್ನ ಮುಖ್ಯ ಪ್ರಶ್ನೆ.

'ಗೂಟ' ಗಿಡ್ಡ, ದನ ಕಟ್ಟುವುದಕ್ಕೆ. 'ಕಂಬ' ಭಾರ ಹೊತ್ತು ಒಂದೇ ಕಡೆ ನಿಲ್ಲುವುದು. 'ಊರುಗೋಲು' ಎಂದರೆ ನಡೆಯುವ ಅಜ್ಜ ಕಣ್ಣಮುಂದೆ ಬರುತ್ತಾರೆ. 'ದೋಟಿ' ಉದ್ದವಿದೆ, ಆದರೆ ನೆಡುವುದಲ್ಲ, ಕೈಯಲ್ಲಿ ಹಿಡಿಯುವುದು, ತುದಿಯಲ್ಲಿ ಕೊಕ್ಕೆಯೋ ಕತ್ತಿಯೋ ಇರುವುದು. ಉದ್ದವಾದ ಬಿದಿರಿಗೆ ನಮ್ಮಲ್ಲಿ 'ಗಳ' ಅಥವಾ 'ಗಳು' ಎನ್ನುತ್ತಾರೆ. ಬಹಳ ಹಳೆಯ ಪದ, ತಮಿಳಿನಲ್ಲಿ ಬಿದಿರಿಗೂ ಕೋಲಿಗೂ ಹೇಳುವ 'ಕೞೈ' ಇದರ ನೆಂಟ. ಮಾತಿನಲ್ಲಿ ಇದಕ್ಕೆ ಸಾಟಿಯಿಲ್ಲ, 'ನಾಲ್ಕು ಗಳ ಕೊಡಿ' ಎಂದರೆ ಮೇದಾರರು ಮರುಮಾತಿಲ್ಲದೆ ಕೊಡುತ್ತಾರೆ. ತೊಂದರೆಯಾಗುವುದು ಬರೆದಾಗ. 'ಬಿದಿರುಗಳು' ಎಂದು ಬರೆದರೆ ಓದುವವರು ಬಹುವಚನ ಎಂದುಕೊಳ್ಳುತ್ತಾರೆ. ತುದಿಯಲ್ಲಿ ಕವೆ, ಅಂದರೆ ಕವಲು, ಇರುವ ಗಳ ಎಂದು ಹೇಳಲು 'ಕವೆಗಳ' ಎಂದು ಬರೆದು ನೋಡಿದೆ. 'ಕವೆಗಳ ತುದಿಗೆ ತಂತಿ ಸುತ್ತಿ' ಎಂಬ ವಾಕ್ಯವನ್ನು ಏಳನೇ ತರಗತಿಯ ಹುಡುಗಿ ಹಲವು ಕವೆಗಳಿವೆ ಎಂದೇ ಓದಿಕೊಂಡಳು. ಅವಳು ಓದಿದ್ದು ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ. ಹಾಗಾಗಿ ಬಿಡಿಯಾಗಿ ಬಂದಾಗ 'ಗಳ', ಸಮಾಸದಲ್ಲಿ 'ಕವೆಗೋಲು' ಎಂದು ಇಟ್ಟುಕೊಂಡಿದ್ದೇನೆ. ಬಯಲುಸೀಮೆಯ ಕಡೆ ಮುಳ್ಳು ಒತ್ತಲು ಬಳಸುವ ಕೋಲಿಗೂ ಕವೆಗೋಲು ಎನ್ನುವುದುಂಟು. ಆಕಾರ ಒಂದೇ ಇರುವುದರಿಂದ ಅದರಿಂದ ತೊಂದರೆ ಆಗದು ಎಂದು ನನ್ನ ಎಣಿಕೆ. ನಿಮಗೆ ಬೇರೆ ಅನ್ನಿಸಿದರೆ ಹೇಳಿ.

ಕವೆಯ ವಿಷಯದಲ್ಲಿ ಮೇದಾರರಿಂದ ಕಲಿತದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಪದಗಳು ಕೆಲಸದ ನಡುವೆಯೇ ಸಿಕ್ಕಿದ್ದು. ಆರು ಅಡಿ ಉದ್ದದ, ಒಂದೂವರೆ ಇಂಚು ದಪ್ಪದ ಗಳ ತೆಗೆದುಕೊಳ್ಳಬೇಕು. ಒಂದು ಅಡಿ ನೆಲದೊಳಗೆ ಹೋದರೂ ಕೂತವರ ತಲೆ ಮುಚ್ಚಲು ಸಾಕು. ಒಳಗೆ ಹೆಚ್ಚು ಟೊಳ್ಳಿಲ್ಲದ ಗಂಡುಬಿದಿರು ಸಿಕ್ಕರೆ ಒಳ್ಳೆಯದು. ಬಿದಿರಿನ ಗಂಟಿಗೆ 'ಗೆಣ್ಣು' ಎನ್ನುತ್ತಾರೆ, ಮೇಲ್ತುದಿಯನ್ನು ಅದಕ್ಕಿಂತ ನಾಲ್ಕು ಬೆರಳು ಮೇಲೆ ಕೊಯ್ಯಬೇಕು. ಆ ನಾಲ್ಕು ಬೆರಳಿನಷ್ಟರಲ್ಲೇ ಎದುರುಬದುರು ಕಚ್ಚು ಹಾಕಿ ಕವೆ ತೆಗೆದರೆ, ಸೀಳು ಹುಟ್ಟಿದರೂ ಗೆಣ್ಣಿನ ಹತ್ತಿರ ಬಂದು ನಿಲ್ಲುತ್ತದೆ, ಅಲ್ಲಿ ಒಳಗೆ ಗೋಡೆಯಿದೆ. ಗೆಣ್ಣಿನಿಂದ ದೂರ ಕೊಯ್ದರೆ ಒದ್ದೆ ಬಲೆಯ ಭಾರಕ್ಕೆ ಸೀಳು ಕೆಳಗಿಳಿಯುತ್ತಾ ಹೋಗುತ್ತದೆ. ಕವೆಯ ಕೆಳಗೆ ಬೈಂಡಿಂಗ್ ತಂತಿ ನಾಲ್ಕು ಸುತ್ತು. ಮಕ್ಕಳು ಹಿಡಿಯುವ ಜಾಗದಲ್ಲಿ 'ಸಿಬಿರು' ಏಳದಂತೆ ಕತ್ತಿಯಲ್ಲಿ ಹೆರೆದು ಉಜ್ಜಬೇಕು. ಬುಡವನ್ನು ಇನ್ನೊಂದು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕೊಯ್ದರೆ ಮೊನೆ. ಮೇಲಿಂದ ಹೊಡೆದು ನೆಡಬಾರದು, ಕವೆ ಒಡೆಯುತ್ತದೆ. ಹಾರೆಯಲ್ಲಿ ಮೊದಲು ಕುಳಿ ಮಾಡಿ ಇಳಿಸಬೇಕು. ಜಂಬಿಟ್ಟಿಗೆ ನೆಲವಾದರೆ ಬಿದಿರಿನ ಮೊನೆ ಇಳಿಯುವುದೇ ಇಲ್ಲ, ಬುಡಕ್ಕೆ 12 ಮಿಲಿಮೀಟರಿನ ಸರಳು ಕೂರಿಸಿಕೊಳ್ಳಬೇಕು. ಜಂಬಿಟ್ಟಿಗೆ ಎಂದೇ ಬರೆದಿದ್ದೇನೆ, ಚಿರೆಕಲ್ಲು ಎನ್ನುವ ಊರಿನವರು ಹಾಗೆ ಓದಿಕೊಳ್ಳಲಿ.

ಪೈಪಿನಲ್ಲಿ ಮಾಡುವವರಿಗೆ ಬೇಕಾಗುವ ಇನ್ನೆರಡು ಪದ. ಕಾಲಿನಲ್ಲಿ ಒತ್ತುವ ಅಡ್ಡಪಟ್ಟಿಗೆ 'ಮೆಟ್ಟು' ಎಂದಿದ್ದೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದಾಗ 'ಮೆಟ್ಟೋಕೆ ಒಂದು ಪಟ್ಟಿ ತಾನೇ' ಎಂದು ಅವರೇ ಅಂದರು, ಅದರಿಂದ ಧೈರ್ಯ ಬಂತು. ಎರಡು ಕೊಳವೆಗಳನ್ನು ಬೇಕಾದ ಎತ್ತರಕ್ಕೆ ನಿಲ್ಲಿಸಲು ತೂತಿನಲ್ಲಿ ತೂರಿಸುವ ಮೊಳೆಗೆ 'ಕೀಲು'. 'ಬೆಣೆ' ಎಂದರೆ ಸಂದಿಗೆ ಬಡಿದು ಬಿಗಿ ಮಾಡುವುದು, ಆದ್ದರಿಂದ ಇಲ್ಲಿ ಸಲ್ಲದು.

ಹೀಗೆ ಎಳೆದರೆ ಉದ್ದವಾಗುವ, ಒತ್ತಿದರೆ ಗಿಡ್ಡವಾಗುವ ಗುಣಕ್ಕೆ ಏನನ್ನುತ್ತೀರಿ? ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅಡಿಕೆ ಕೊಯ್ಲಿಗೂ ಬೋರ್ಡೋ ಔಷಧಿ ಹೊಡೆಯುವುದಕ್ಕೂ ತೋಟದಲ್ಲಿ ದಿನವೂ ಅದನ್ನು ಎಳೆದು ಮಡಚುವವರಿದ್ದಾರೆ. ಅವರ ಬಾಯಲ್ಲಿ ಒಂದು ಮಾತು ಹುಟ್ಟಿರಲೇಬೇಕು. 'ಒಂದು ಪೀಸ್ ಎಳಿ' ಎನ್ನುವುದನ್ನು ಕೇಳಿದ್ದೇನೆ. ದೋಟಿ ಕೆಲಸದವರು ಯಾರಾದರೂ ಇಲ್ಲಿದ್ದರೆ, ಒಂದೊಂದು ತುಂಡಿಗೆ, ಅದನ್ನು ಬಿಗಿಮಾಡುವ ಭಾಗಕ್ಕೆ ನೀವು ಏನು ಹೇಳುತ್ತೀರೆಂದು ಬರೆಯಬೇಕು. 'ಎಳೆಗೋಲು' ಎಂದು ಕಟ್ಟಬಹುದು ಎಂದು ಒಬ್ಬರು ಸೂಚಿಸಿದ್ದಾರೆ. ನನಗದು ಹಿಡಿಸಲಿಲ್ಲ, ಎಳೆಯ ಕೋಲು ಎಂಬ ಅರ್ಥವೂ ಬರುತ್ತದೆ.

ಇನ್ನೊಂದು ಕೇಳುವುದಿದೆ. ಗೊನೆಯ ಭಾರಕ್ಕೆ ಬಾಗಿದ ಬಾಳೆಗಿಡಕ್ಕೆ ಕೊಡುವ ಕವಲುಕೋಲಿಗೆ ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಪ್ರತ್ಯೇಕ ಹೆಸರಿದೆಯೇ? ಇದ್ದರೆ ಅದು ನಮ್ಮ ಕೋಲಿಗೆ ಕವೆಗೋಲಿಗಿಂತಲೂ ಚೆನ್ನಾಗಿ ಹೊಂದಬಹುದು. ಪದದ ಜೊತೆ ಊರು, ತಾಲ್ಲೂಕು, ಯಾರ ಬಾಯಲ್ಲಿ ಕೇಳಿದಿರಿ, ಒಂದು ಪೂರ್ತಿ ವಾಕ್ಯದಲ್ಲಿ ಹೇಗೆ ಬರುತ್ತದೆ ಎಂಬುದನ್ನೂ ಬರೆಯಿರಿ. ನಿಘಂಟಿನಿಂದ ಎತ್ತಿಕೊಡುವ ಪದಕ್ಕಿಂತ ಆ ವಾಕ್ಯ ನನಗೆ ಮುಖ್ಯ. 'ಮರಸು' ಬೇಡ ಎನ್ನುವವರು ಕಾರಣ ಸಹಿತ ಬರೆದರೆ ಅಚ್ಚಿಗೆ ಕೊಡುವ ಮೊದಲು ಮತ್ತೊಮ್ಮೆ ಯೋಚಿಸುತ್ತೇನೆ.