ಅಪ್‌ಡೇಟ್: ಪ್ರಾರ್ಥಿಸಲಾಗದ ದಿನಗಳ ಬಗ್ಗೆ ಕೇಳಿದ್ದೆ

ತಂದೆಯವರಿಗೆ ಪಾರ್ಶ್ವವಾಯು ಬಡಿದ ಮೇಲೆ ನನ್ನಿಂದ ಪ್ರಾರ್ಥಿಸಲಾಗುತ್ತಿಲ್ಲ, ಇದು ಅವಿಶ್ವಾಸವೇ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ನಿಮ್ಮಲ್ಲೊಬ್ಬರು ಬೈಬಲಿನ 88ನೆಯ ಕೀರ್ತನೆಯನ್ನು ಓದಲು ಹೇಳಿದ್ದರು. ಬಹುತೇಕ ಶೋಕದ ಕೀರ್ತನೆಗಳು ಕೊನೆಯಲ್ಲಿ ಸ್ತುತಿಯತ್ತ ತಿರುಗಿದರೆ, ಇದು ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಆದರೂ ಹಗಲಿರುಳು ಮೊರೆಯಿಡುವ ಆ ಭಕ್ತನು ದೇವರನ್ನು ತನ್ನ ರಕ್ಷಕನೆಂದೇ ಕರೆಯುತ್ತಾನೆ, ಮತ್ತು ಇಂಥ ದೂರನ್ನೂ ಪವಿತ್ರ ಗ್ರಂಥವು ಪ್ರಾರ್ಥನೆಯಾಗಿಯೇ ಉಳಿಸಿಕೊಂಡಿದೆ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ಆ ಪಾತ್ರೆ, ಅಂದರೆ ಬರಲಿದ್ದ ಸಂಕಟ, ತನ್ನಿಂದ ತೊಲಗಲಿ ಎಂದು ಬೇಡಿಕೊಂಡದ್ದನ್ನು ನಮ್ಮ ಸಭಾಪಾಲಕರು ನೆನಪಿಸಿದರು. ತಂದೆಯವರ ಬಲಗೈಗೆ ಇನ್ನೂ ಶಕ್ತಿ ಬಂದಿಲ್ಲ, ಮಾತೂ ತೊದಲುತ್ತದೆ. ಈಗ ಪ್ರತಿ ರಾತ್ರಿ ಅವರ ಹಾಸಿಗೆಯ ಪಕ್ಕ ಕುಳಿತು ಆ ಕೀರ್ತನೆಯನ್ನು ಓದುತ್ತೇನೆ. ಕಳೆದ ಭಾನುವಾರ ಅವರೂ ಕೊನೆಯಲ್ಲಿ ಆಮೆನ್ ಎಂದರು.